ಪ್ಯಾಲೆಸ್ಟೀನ್‌ನವರನ್ನು "ನಿಮ್ಮ ಊರು ಯಾವುದು?" ಅಂತ ಕೇಳಿದ್ದೀರಾ?

ದೋಹಾ ದೋಸ್ತ್

ನಮಸ್ಕಾರ ಎಲ್ಲರಿಗೂ. ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಇವತ್ತು ಶುಕ್ರವಾರ, ರಜೆ, ಕೂತಿದ್ದೇನೆ.

ನಾನು ಚನ್ನರಾಯಪಟ್ಟಣದ ಕಡೆಯವನು. ಕತಾರ್‌ಗೆ ಬಂದು 16 ವರ್ಷ. ಕಟ್ಟಡದ ಕಂಪನಿಯಲ್ಲಿ ಎಸ್ಟಿಮೇಟ್ ಹಾಕುವ ಕೆಲಸ. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವರು ಪ್ಯಾಲೆಸ್ಟೀನ್‌ನವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರಲ್ಲಿ ಹಿರಿಮಗನ ಹೆಸರಿನ ಮುಂದೆ 'ಅಬು' ಸೇರಿಸಿ, ಇಂಥವನ ಅಪ್ಪ ಅಂತ ಕರೆಯುತ್ತಾರೆ. ನಮ್ಮ ಕಡೆ 'ಪುಟ್ಟನ ಅಪ್ಪ' ಅಂದ ಹಾಗೆ.

ಮೊದಲ ವಾರ ಸುಮ್ನೆ ಮಾತಿಗೆ "ನಿಮ್ಮ ಊರು ಯಾವುದು?" ಅಂದೆ. "ಹಮಾಮಾ" ಅಂದರು. ರಾತ್ರಿ ಮ್ಯಾಪಿನಲ್ಲಿ ಹುಡುಕಿದೆ, ಸಿಗಲಿಲ್ಲ. ಆಮೇಲೆ ತಿಳಿಯಿತು. ಗಾಜಾ ಪಟ್ಟಣದಿಂದ ಉತ್ತರಕ್ಕೆ ಸುಮಾರು 24 ಕಿ.ಮೀ., ಸಮುದ್ರದ ಹತ್ತಿರ, ಐದು ಸಾವಿರ ಜನರ ಊರು. ಇಸ್ರೇಲ್ ಹುಟ್ಟಿದಾಗಿನ 1948ರ ಯುದ್ಧದಲ್ಲಿ ಖಾಲಿಯಾಯಿತು. ಇವರ ಅಜ್ಜ ಅಲ್ಲಿಂದ ಗಾಜಾಕ್ಕೆ ಓಡಿಬಂದರು. ಅಪ್ಪ ಗಾಜಾದಿಂದ ಕತಾರ್‌ಗೆ ಕೆಲಸಕ್ಕೆ ಬಂದರು. ಇವರು ಹುಟ್ಟಿದ್ದೇ ದೋಹಾದಲ್ಲಿ. ಹಮಾಮಾವನ್ನು ಕಣ್ಣಾರೆ ಕಂಡವರೇ ಅಲ್ಲ. ಇನ್ನೊಂದು ದಿನ ಅವರ ಹನ್ನೊಂದು ವರ್ಷದ ಮಗನನ್ನು ಕೇಳಿದೆ. ಅವನೂ "ಹಮಾಮಾ" ಅಂದ. ನನ್ನ ಮಗಳನ್ನು ಯಾರಾದರೂ ಕೇಳಿದರೆ "ದೋಹಾ" ಅನ್ನುತ್ತಾಳೆ. ಚನ್ನರಾಯಪಟ್ಟಣ ಅನ್ನಿಸಬೇಕಾದರೆ ಅವಳ ಅಜ್ಜಿಯೇ ಬಂದು ಹೆದರಿಸಬೇಕು.

ಒಮ್ಮೆ ಆಫೀಸಿನಿಂದ ಇಸ್ತಾಂಬುಲ್‌ಗೆ ಹೋಗುವುದಿತ್ತು. ಹದಿನಾಲ್ಕು ಜನರಲ್ಲಿ ಹದಿಮೂರು ಜನರ ವೀಸಾ ಬಂತು. ಇವರ ಹತ್ತಿರ ಇದ್ದದ್ದು ಪಾಸ್‌ಪೋರ್ಟ್ ಅಲ್ಲ, ಗಾಜಾದ ನಿರಾಶ್ರಿತರಿಗೆ ಈಜಿಪ್ಟ್ ಕೊಡುವ ಪ್ರಯಾಣ ಪತ್ರ. ಅದನ್ನು ಕೊಟ್ಟ ಈಜಿಪ್ಟ್‌ಗೆ ಹೋಗಬೇಕಾದರೂ ಇವರು ವೀಸಾ ತೆಗೆದುಕೊಳ್ಳಬೇಕಂತೆ! ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಡ್ರಾಯರಿನಿಂದ ತೆಗೆದು, ಆ ಸಾಲು ಅಚ್ಚಾಗಿದ್ದ ಪುಟವನ್ನೇ ತೋರಿಸಿದರು.

ನಿಮ್ಮಲ್ಲಿ ಯಾರಾದರೂ ಇಂಥವರ ಜೊತೆ ಬದುಕಿದ್ದೀರಾ? ಟಿವಿ ಚರ್ಚೆ ಬೇಡ, ಕಂಡದ್ದು ಬರೆಯಿರಿ.

ಸುಮ್ನೆ ಓದುಗ

ದೋಸ್ತ್ ಅವರೇ, ಪ್ಯಾಲೆಸ್ಟೀನ್ ಪಾಸ್‌ಪೋರ್ಟ್ ಅಂತ ಒಂದು ಇದೆಯಲ್ಲ? ಅದು ಯಾಕೆ ಇವರ ಹತ್ತಿರ ಇಲ್ಲ?

ಅಮ್ಮಾನ್ ಮಾವ

ಒಳ್ಳೆಯ ಪ್ರಶ್ನೆ. ಜೋರ್ಡಾನ್‌ನಲ್ಲಿ ಒಂಬತ್ತು ವರ್ಷ ಒಂದು ಔಷಧಿ ಕಂಪನಿಯ ಲೆಕ್ಕಪತ್ರ ನೋಡಿಕೊಂಡಿದ್ದೆ. ಸಂಬಳದ ಫೈಲುಗಳಲ್ಲಿ ಎಲ್ಲರ ಕಾಗದಪತ್ರ ನನ್ನ ಕೈ ಮೇಲೇ ಹಾದುಹೋಗುತ್ತಿದ್ದವು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ಆ ಪಾಸ್‌ಪೋರ್ಟ್ ಶುರುವಾದದ್ದು 1995ರಲ್ಲಿ, ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವೆ ಓಸ್ಲೋ ಒಪ್ಪಂದ ಆದಮೇಲೆ. ವೆಸ್ಟ್ ಬ್ಯಾಂಕ್ ಮತ್ತು ಗಾಜಾದ ಜನಸಂಖ್ಯಾ ದಾಖಲೆಯಲ್ಲಿ ಹೆಸರು ಇರುವವರಿಗೆ ಅದು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಆ ದಾಖಲೆಯ ಕೀಲಿ ಇಸ್ರೇಲ್ ಕೈಯಲ್ಲಿದೆ. 1967ರ ಯುದ್ಧದಲ್ಲಿ ಆ ಎರಡೂ ಜಾಗ ಹಿಡಿದುಕೊಂಡ ನಂತರ ಇಸ್ರೇಲ್ ಅಲ್ಲಿ ಜನಗಣತಿ ಮಾಡಿತು. ಆ ಹೊತ್ತಿಗೆ ಕೆಲಸಕ್ಕೋ ಓದಿಗೋ ಹೊರಗಿದ್ದವರ ಹೆಸರು ಬಿಟ್ಟುಹೋಯಿತು. ದೋಸ್ತ್ ಅವರ ಸ್ನೇಹಿತರ ಅಪ್ಪ ಆಗಲೇ ಕತಾರ್‌ನಲ್ಲಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ನಾನು ಕಂಡಂತೆ, ಒಬ್ಬ ಪ್ಯಾಲೆಸ್ಟೀನಿಯ ಹೇಗೆ ಬದುಕುತ್ತಾನೆ ಅನ್ನುವುದು 1948ರಲ್ಲಿ ಅವನ ಅಜ್ಜ ಯಾವ ದಿಕ್ಕಿಗೆ ಓಡಿದ ಅನ್ನುವುದರ ಮೇಲೆ ನಿಂತಿದೆ. ಆ ವರ್ಷ ಏಳು ಲಕ್ಷಕ್ಕಿಂತ ಜಾಸ್ತಿ ಜನ ಮನೆ ಬಿಟ್ಟರು. ಅದನ್ನು ಅವರು ನಕ್ಬಾ ಅನ್ನುತ್ತಾರೆ, ಮಹಾ ದುರಂತ ಅಂತ. ಪೂರ್ವಕ್ಕೆ ಓಡಿ ಜೋರ್ಡಾನ್ ಸೇರಿದವರಿಗೆ ಹೆಚ್ಚು ಕಮ್ಮಿ ಎಲ್ಲರಿಗೂ ಪೌರತ್ವ ಸಿಕ್ಕಿತು. ಉತ್ತರಕ್ಕೆ ಸಿರಿಯಾಕ್ಕೆ ಹೋದವರಿಗೆ ಪೌರತ್ವ ಸಿಗಲಿಲ್ಲ, ಆದರೆ 1956ರ ಒಂದು ಕಾನೂನಿನಿಂದ ಓದು, ಕೆಲಸ, ಸರ್ಕಾರಿ ನೌಕರಿ ಎಲ್ಲಕ್ಕೂ ಸಿರಿಯಾದವರ ಸಮಕ್ಕೆ ಅವಕಾಶ ಸಿಕ್ಕಿತು. ಅದೇ ಉತ್ತರಕ್ಕೆ, ಇನ್ನೊಂದು ದಾರಿ ಹಿಡಿದು ಲೆಬನಾನ್ ಸೇರಿದವರ ಮೊಮ್ಮಕ್ಕಳು ಇವತ್ತಿಗೂ ಅಲ್ಲಿ ಡಾಕ್ಟರ್ ಆಗಿ, ವಕೀಲರಾಗಿ ಕೆಲಸ ಮಾಡುವಂತಿಲ್ಲ. 2001ರಿಂದ ತಮ್ಮ ಹೆಸರಿನಲ್ಲಿ ಒಂದು ಮನೆ ಕೊಳ್ಳುವಂತೆಯೂ ಇಲ್ಲ. ದಕ್ಷಿಣಕ್ಕೆ ಗಾಜಾಕ್ಕೆ ಓಡಿದವರ ಗತಿ ನಿಮಗೆ ಗೊತ್ತೇ ಇದೆ. ಅಣ್ಣ ಒಂದು ದಾರಿ, ತಮ್ಮ ಒಂದು ದಾರಿ ಹಿಡಿದರೆ ಮುಗಿಯಿತು. ಎಪ್ಪತ್ತು ವರ್ಷ ಆದಮೇಲೆ ಒಂದು ಮನೆಯ ಮೊಮ್ಮಗ ಸರ್ಜನ್, ಇನ್ನೊಂದು ಮನೆಯ ಮೊಮ್ಮಗ ಗಾರೆ ಕೆಲಸದವನು.

ಜೋರ್ಡಾನ್ ಒಳಗೂ ಒಂದು ಗಂಟಿದೆ. 1967ರಲ್ಲಿ ಗಾಜಾದಿಂದ ಬಂದವರಿಗೆ ಪೌರತ್ವ ಕೊಡಲಿಲ್ಲ. ಎರಡು ವರ್ಷದ ತಾತ್ಕಾಲಿಕ ಪಾಸ್‌ಪೋರ್ಟ್ ಕೊಡುತ್ತಾರೆ, ರಾಷ್ಟ್ರೀಯ ಸಂಖ್ಯೆ ಇರುವುದಿಲ್ಲ. ನಮ್ಮ ಆಫೀಸಿನಲ್ಲಿ ಜೆರಾಶ್ ಶಿಬಿರದಿಂದ ಬರುತ್ತಿದ್ದ ಹುಡುಗನೊಬ್ಬ ಇದ್ದ. ಆ ಶಿಬಿರವನ್ನು ಜನ ಇವತ್ತಿಗೂ 'ಗಾಜಾ ಶಿಬಿರ' ಅಂತಲೇ ಕರೆಯುತ್ತಾರೆ. ಅವನ ಫೈಲಿನಲ್ಲಿ ಆ ಸಂಖ್ಯೆಯ ಕಾಲಂ ಖಾಲಿ. ಹೊಸ ಸಾಫ್ಟ್‌ವೇರ್ ಖಾಲಿ ಕಾಲಂ ಒಪ್ಪುತ್ತಿರಲಿಲ್ಲ. ಪ್ರತಿ ತಿಂಗಳು ಅವನ ಸಂಬಳ ನಾನು ಕೈಯಲ್ಲಿ ಬರೆದು ಹಾಕಬೇಕಿತ್ತು. ತಿಂಗಳ ಕೊನೆಗೆ ಅವನೇ ಒಂದು ಡಬ್ಬಿ ಸಿಹಿ ತಂದು ಮೇಜಿನ ಮೇಲೆ ಇಟ್ಟು, "ನನ್ನ ಸೊನ್ನೆ ತುಂಬಲು ಬಂದಿದ್ದೇನೆ" ಅನ್ನುತ್ತಿದ್ದ.

ಸುಮ್ನೆ ಓದುಗ

ಅಬ್ಬಾ. ಶಿಬಿರ ಅಂದರೆ ಡೇರೆ ಅಂದುಕೊಂಡಿದ್ದೆ ನಾನು.

ಅಮ್ಮಾನ್ ಮಾವ

ಡೇರೆ ಇದ್ದದ್ದು ಮೊದಲ ಕೆಲವು ವರ್ಷ. ಆಮೇಲೆ ಮಣ್ಣಿನ ಗೋಡೆ, ತಗಡು, ಕಾಂಕ್ರೀಟು. ಈಗ ನೋಡಿದರೆ ಬೆಂಗಳೂರಿನ ಹಳೇ ಗಲ್ಲಿಯ ಹಾಗೆ. ಅಕ್ಕಪಕ್ಕ ಬೆಳೆಯಲು ಜಾಗ ಇಲ್ಲ, ಮಗನಿಗೆ ಮದುವೆಯಾದರೆ ಮೇಲೊಂದು ಅಂತಸ್ತು. ಇಂಥ ಅಧಿಕೃತ ಶಿಬಿರಗಳು ಒಟ್ಟು 58. ಜೋರ್ಡಾನ್, ಲೆಬನಾನ್, ಸಿರಿಯಾ, ವೆಸ್ಟ್ ಬ್ಯಾಂಕ್, ಗಾಜಾ ಇಷ್ಟರಲ್ಲಿ ಹಂಚಿಹೋಗಿವೆ. ಶಾಲೆ, ದವಾಖಾನೆ, ಹಿಂದಿನ ಕಾಲದಲ್ಲಿ ಹಿಟ್ಟು ಎಣ್ಣೆಯ ರೇಷನ್ ಎಲ್ಲ ನೋಡಿಕೊಂಡಿದ್ದು ವಿಶ್ವಸಂಸ್ಥೆಯ ಪ್ಯಾಲೆಸ್ಟೀನ್ ನಿರಾಶ್ರಿತರ ಸಂಸ್ಥೆ 'ಉನ್ರ್ವಾ'. 1950ರ ಮೇ ತಿಂಗಳಲ್ಲಿ ಕೆಲಸ ಶುರು ಮಾಡಿದಾಗ ಅದರ ಲೆಕ್ಕದಲ್ಲಿ ಇದ್ದವರು ಏಳೂವರೆ ಲಕ್ಷ. ಈಗ 59 ಲಕ್ಷದ ಹತ್ತಿರ. 2024ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಸಂಸತ್ತು ಅದರ ಕೆಲಸಕ್ಕೆ ನಿಷೇಧ ಹಾಕಿತು.

ಬೈರೂತ್‌ನ ಬುರ್ಜ್ ಅಲ್ ಬರಾಜ್ನೆ ಶಿಬಿರಕ್ಕೆ ಒಮ್ಮೆ ಹೋಗಿದ್ದೆ. ಗಲ್ಲಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು. ತಲೆ ಮೇಲೆ ಕರೆಂಟಿನ ತಂತಿ, ನೀರಿನ ಪೈಪು ಒಂದಕ್ಕೊಂದು ಹೆಣೆದುಕೊಂಡು ಜೋತಾಡುತ್ತಿರುತ್ತವೆ. ಮಳೆ ಬಂದ ದಿನ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಶಾಕ್ ಹೊಡೆದು ಸತ್ತವರು ಬಹಳ ಜನ.

ಕಡಲ ಕಾಗೆ

ಕುವೈತ್ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ನಾನು ಉಡುಪಿಯವಳು. ಅಪ್ಪ ಕುವೈತ್‌ನ ಹವಲ್ಲಿಯಲ್ಲಿ ಇದ್ದರು. 1990ರಲ್ಲಿ ನನಗೆ ಒಂಬತ್ತು ವರ್ಷ. ಹವಲ್ಲಿ ಅಂದರೆ ಆಗ ಅರ್ಧ ಪ್ಯಾಲೆಸ್ಟೀನೇ. ಇಡೀ ದೇಶದಲ್ಲಿ ಅವರು ಸುಮಾರು ನಾಲ್ಕು ಲಕ್ಷ ಜನ ಇದ್ದರಂತೆ. ಮೇಷ್ಟ್ರು, ಇಂಜಿನಿಯರ್, ಬ್ಯಾಂಕಿನ ಗುಮಾಸ್ತ, ಗ್ಯಾರೇಜಿನವರು ಎಲ್ಲ ಅವರೇ. ಯಾಸರ್ ಅರಾಫತ್ ಕೂಡ ಕುವೈತ್‌ನಲ್ಲೇ ಇಂಜಿನಿಯರ್ ಆಗಿ ಕೆಲಸ ಮಾಡಿದವರು.

ಎದುರು ಫ್ಲಾಟಿನವರು ಗಣಿತದ ಮೇಷ್ಟ್ರು. ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ನುಗ್ಗಿತು. ಮೂರು ವಾರ ಮನೆಯೊಳಗೇ ಇದ್ದೆವು. ಮೇಷ್ಟ್ರ ಹೆಂಡತಿ ದಿನಾ ಸಂಜೆ ರೊಟ್ಟಿ ಕೊಟ್ಟು ಹೋಗುತ್ತಿದ್ದರು. ಕೊನೆಗೆ ಬಸ್ಸು ಸಿಕ್ಕಿತು. ಬಸ್ರಾ, ಬಗ್ದಾದ್ ದಾಟಿ ಜೋರ್ಡಾನ್ ಗಡಿಯ ಮರುಭೂಮಿ. ಅಲ್ಲಿ ಡೇರೆಯಲ್ಲಿ ಎಂಟು ದಿನ. ಆಮೇಲೆ ಅಮ್ಮಾನ್‌ನಿಂದ ವಿಮಾನ, ಬೊಂಬಾಯಿ. ಹಾಗೆ ಒಂದು ಲಕ್ಷಕ್ಕಿಂತ ಜಾಸ್ತಿ ಭಾರತೀಯರನ್ನು ಕರೆತಂದರು. ಆ ಕಥೆ ಎಲ್ಲರಿಗೂ ಗೊತ್ತು, ಸಿನಿಮಾನೂ ಆಯಿತು.

ಎದುರು ಮನೆಯವರ ಕಥೆ ಯಾರೂ ಹೇಳುವುದಿಲ್ಲ. ಅವರ ನಾಯಕರು ಸದ್ದಾಂ ಪರ ನಿಂತರು ಅನ್ನುವ ಸಿಟ್ಟಿಗೆ, 1991ರಲ್ಲಿ ಕುವೈತ್ ಬಿಡುಗಡೆಯಾದ ಮೇಲೆ ಅಲ್ಲಿ ಉಳಿದಿದ್ದ ಪ್ಯಾಲೆಸ್ಟೀನಿಯರಲ್ಲಿ ಬಹುಪಾಲು ಜನರನ್ನು ಹೊರಗೆ ಹಾಕಿದರು. ನಾಲ್ಕು ಲಕ್ಷದಲ್ಲಿ ಕೊನೆಗೆ ಉಳಿದದ್ದು ಹತ್ತಾರು ಸಾವಿರ ಮಾತ್ರ. ಮೂವತ್ತು ವರ್ಷ ಅಲ್ಲೇ ಪಾಠ ಹೇಳಿದ ಮನುಷ್ಯ ಅವರು. ಜೋರ್ಡಾನ್ ಪಾಸ್‌ಪೋರ್ಟ್ ಇದ್ದದ್ದರಿಂದ ಅಮ್ಮಾನ್‌ಗೆ ಹೋದರು ಅಂತ ಅಪ್ಪನಿಗೆ ಆಮೇಲೆ ಯಾರೋ ಹೇಳಿದರು.

ನಾವು ಹೊರಟ ದಿನ ಮೇಷ್ಟ್ರು ನಮ್ಮ ಅಪ್ಪನಿಗೆ ಹೇಳಿದ್ದು ಒಂದೇ ಮಾತು. "ಬೀಗ ಹಾಕಿದ ಮೇಲೆ ಕೀ ಎಲ್ಲಿಡುತ್ತೀಯ ಅಂತ ಯೋಚನೆ ಮಾಡಿ ಇಡು." ಅಪ್ಪನಿಗೆ ಆಗ ಅರ್ಥವಾಗಲಿಲ್ಲ. ಕೀ ಅಲ್ಲೇ ಕಾವಲುಗಾರನ ಕೈಗೆ ಕೊಟ್ಟು ಬಂದರು.

ಮುಳುಗಡೆ ಮನೆ

ಕಡಲ ಕಾಗೆ ಅವರೇ, ಓದಿ ಮೈ ಜುಮ್ ಅಂತು. ನಮ್ಮದೂ ಶರಾವತಿ ಮುಳುಗಡೆ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಹೋಯಿತು. ಈಗ ಶಿವಮೊಗ್ಗದ ಹತ್ತಿರ ಇದ್ದರೂ ಅಜ್ಜ ಸಾಯುವವರೆಗೂ ಮುಳುಗಿದ ಊರಿನ ಹೆಸರೇ ಹೇಳುತ್ತಿದ್ದರು. ಹಾಗಾಗಿ ಆ ಹಮಾಮಾ ಹುಡುಗ ನನಗೆ ಪೂರ್ತಿ ಅರ್ಥವಾಗುತ್ತಾನೆ.

ಅಮ್ಮಾನ್ ಮಾವ

ಅರ್ಥವಾಗುತ್ತದೆ, ನಿಮ್ಮವರ ನೋವು ಸಣ್ಣದು ಅಂತ ಅಲ್ಲ. ಆದರೆ ನಿಮ್ಮ ಅಜ್ಜನಿಗೆ ಓಟು ಇತ್ತು. ಕೋರ್ಟಿಗೆ ಹೋಗಬಹುದಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ದೇವಸ್ಥಾನದ ಕಲ್ಲನ್ನಾದರೂ ನೋಡಿ ಬರಬಹುದಿತ್ತು.

ಮುಳುಗಡೆ ಮನೆ

ಹೌದು, ಒಪ್ಪಿದೆ. ನೋಡಿ ಬಂದಿದ್ದರು ಕೂಡ.

ನೇರ ಮಾತು

ಎಲ್ಲರೂ ಕಣ್ಣೀರು ಹಾಕುತ್ತಿದ್ದೀರಿ, ಸರಿ. ಒಂದು ಪ್ರಶ್ನೆ. ಅಷ್ಟೊಂದು ಅರಬ್ ದೇಶಗಳಿವೆ, ಭಾಷೆ ಒಂದು, ಊಟ ಒಂದು. ಪೌರತ್ವ ಕೊಟ್ಟು ಮುಗಿಸಬಹುದಿತ್ತಲ್ವಾ? 1948ರ ನಂತರ ಇರಾಕ್, ಯೆಮೆನ್, ಮೊರಾಕೊ, ಈಜಿಪ್ಟ್‌ಗಳಿಂದ ಯಹೂದಿಗಳೂ ಲಕ್ಷಗಟ್ಟಲೆ ಜನ ಮನೆ ಮಠ ಬಿಟ್ಟು ಬಂದರು. ಇಸ್ರೇಲ್ ಅವರನ್ನು ಸೇರಿಸಿಕೊಂಡಿತು. ಅದರ ಬಗ್ಗೆ ಒಬ್ಬರೂ ಬರೆಯಲಿಲ್ಲ.

ಅಮ್ಮಾನ್ ಮಾವ

ಬರೆಯಬೇಕಾದ ಮಾತೇ. ಬಗ್ದಾದ್‌ನ ಯಹೂದಿಗಳು ಎರಡೂವರೆ ಸಾವಿರ ವರ್ಷದಿಂದ ಅಲ್ಲಿದ್ದವರು. 1950-51ರಲ್ಲಿ ಒಂದು ಪೆಟ್ಟಿಗೆ ಹಿಡಿದು ಹೊರಟರು, ಆಸ್ತಿ ಮುಟ್ಟುಗೋಲಾಯಿತು. ಅದೂ ದೊಡ್ಡ ಅನ್ಯಾಯವೇ. ಆದರೆ ಬಗ್ದಾದ್‌ನಲ್ಲಿ ಆದ ಅನ್ಯಾಯದ ಲೆಕ್ಕವನ್ನು ಹಮಾಮಾದ ರೈತ ಯಾಕೆ ತೀರಿಸಬೇಕು?

ಇನ್ನು ಪೌರತ್ವ. 1965ರಲ್ಲಿ ಕಾಸಾಬ್ಲಾಂಕಾದಲ್ಲಿ ಅರಬ್ ಲೀಗ್ ಒಂದು ತೀರ್ಮಾನ ಮಾಡಿತು. ಪ್ಯಾಲೆಸ್ಟೀನಿಯರಿಗೆ ಕೆಲಸ, ಓಡಾಟಕ್ಕೆ ಅವಕಾಶ ಕೊಡಿ, ಆದರೆ ಅವರ ಪ್ಯಾಲೆಸ್ಟೀನಿ ಗುರುತು ಉಳಿಯಲಿ ಅಂತ. ಮನೆಗೆ ಮರಳುವ ಹಕ್ಕು ಸತ್ತುಹೋಗಬಾರದು ಅನ್ನುವುದು ಕಾರಣ. ಆ ಹಕ್ಕಿನ ಮಾತು 1948ರ ಡಿಸೆಂಬರ್‌ನ ವಿಶ್ವಸಂಸ್ಥೆಯ 194ನೇ ನಿರ್ಣಯದಲ್ಲೇ ಇದೆ. ಕೇಳಲು ಚೆನ್ನಾಗಿದೆ. ಆಗಿದ್ದೇನು? ಪೌರತ್ವ ಕೊಡದೇ ಇರಲು ಎಲ್ಲರಿಗೂ ಒಂದು ನೆಪ ಸಿಕ್ಕಿತು, ಕೆಲಸ ಕೊಡುವ ಭಾಗ ಹಲವರು ಮರೆತರು. ಲೆಬನಾನ್‌ನಲ್ಲಿ ಪಂಗಡಗಳ ಲೆಕ್ಕದ ಮೇಲೆ ಸರ್ಕಾರ ನಿಂತಿದೆ, ಅಷ್ಟು ಜನ ಸುನ್ನಿಗಳನ್ನು ಸೇರಿಸಿಕೊಂಡರೆ ತಕ್ಕಡಿ ವಾಲುತ್ತದೆ ಅನ್ನುವ ಭಯ. ಆ ದೇಶಗಳ ಮೇಲೆ ನನಗೂ ಸಿಟ್ಟಿದೆ. ಆದರೆ ಜೋರ್ಡಾನ್ ಪೌರತ್ವ ಕೊಟ್ಟಿತಲ್ಲ, ಅಲ್ಲಿ ಮಂತ್ರಿಗಳಾದವರೂ ಇದ್ದಾರೆ. ಅವರ ಮನೆಗೆ ಹೋಗಿ ಊರು ಯಾವುದು ಅಂತ ಕೇಳಿ. ಲಿದ್ದಾ, ಯಾಫಾ ಅಂತ ಈಗ ಇಸ್ರೇಲ್ ಒಳಗಿರುವ ಊರುಗಳನ್ನೇ ಹೇಳುತ್ತಾರೆ. ಅವರು ಕೇಳುತ್ತಿರುವುದು ಬರೀ ಒಂದು ಪಾಸ್‌ಪೋರ್ಟ್ ಅಲ್ಲ ಅಂತ ನನಗೆ ಅನ್ನಿಸಿದ್ದು ಅಲ್ಲೇ.

ನೇರ ಮಾತು

ಪೂರ್ತಿ ಒಪ್ಪಲ್ಲ. ಆದರೆ ಕಾಸಾಬ್ಲಾಂಕಾ ವಿಷಯ ಗೊತ್ತಿರಲಿಲ್ಲ.

ನಿರ್ವಾಹಕರು

ಮೂರು ಕಾಮೆಂಟ್ ತೆಗೆದಿದ್ದೇನೆ. ಧರ್ಮ ಎಳೆದು ತರಬೇಡಿ, ಇನ್ನೊಬ್ಬರ ಅಪ್ಪ ಅಮ್ಮನನ್ನಂತೂ ಬೇಡವೇ ಬೇಡ. ಕಂಡದ್ದು ಇದ್ದರೆ ಬರೆಯಿರಿ.

ಜಾವಾ ಜಾಣ

ಒಂದು ಬೇರೆ ಥರದ ಕಥೆ ಹೇಳಲಾ? ಪ್ರಾಜೆಕ್ಟ್ ಮೇಲೆ ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ಎಂಟು ತಿಂಗಳು ಇದ್ದೆ. ಅರಬ್ ದೇಶಗಳು, ಇಸ್ರೇಲ್ ಬಿಟ್ಟರೆ ಪ್ಯಾಲೆಸ್ಟೀನಿಯರು ಅತಿ ಹೆಚ್ಚು ಇರುವುದು ಅಲ್ಲೇ ಅಂತ ಹೇಳಿದರೆ ನಂಬುತ್ತೀರಾ? ನಾಲ್ಕೈದು ಲಕ್ಷ ಅನ್ನುತ್ತಾರೆ. ಬಹುಪಾಲು ಕ್ರೈಸ್ತರು, ಬೆಥ್ಲೆಹೆಮ್, ಬೇತ್ ಜಾಲಾ, ಬೇತ್ ಸಹೂರ್ ಊರುಗಳಿಂದ ಹೋದವರು. ಇವರು 1948ಕ್ಕೆ ಎಷ್ಟೋ ಮೊದಲೇ, ಒಟ್ಟೋಮನ್ ತುರ್ಕರ ಕಾಲದಲ್ಲೇ ಹಡಗು ಹತ್ತಿದವರು. ಬಡತನ, ಆಮೇಲೆ ತುರ್ಕರ ಸೈನ್ಯಕ್ಕೆ ಹಿಡಿದುಕೊಂಡು ಹೋಗುವ ಭಯ. ಹೆಗಲ ಮೇಲೆ ಬಟ್ಟೆ, ಸೂಜಿ, ದಾರ ಹೊತ್ತು ಹಳ್ಳಿಹಳ್ಳಿ ಸುತ್ತಿ ಮಾರಿದರು. ಆಮೇಲೆ ಅಂಗಡಿ, ಆಮೇಲೆ ಬಟ್ಟೆ ಮಿಲ್ಲು. ನಮ್ಮ ಕಡೆ ಮಾರವಾಡಿಗಳ ಹಾಗೆ ಅಂದುಕೊಳ್ಳಿ. "ಚಿಲಿಯ ಪ್ರತಿ ಊರಲ್ಲೂ ಒಬ್ಬ ಪಾದ್ರಿ, ಒಬ್ಬ ಪೊಲೀಸ್, ಒಬ್ಬ ಪ್ಯಾಲೆಸ್ಟೀನಿ ಇರುತ್ತಾನೆ" ಅಂತ ಅಲ್ಲಿ ಗಾದೆಯೇ ಇದೆ.

ತುರ್ಕರ ಪಾಸ್‌ಪೋರ್ಟ್ ಹಿಡಿದು ಬಂದಿದ್ದರು ಅಂತ ಅವರನ್ನು 'ತುರ್ಕೊ' ಅಂತ ಹೀಯಾಳಿಸುತ್ತಿದ್ದರಂತೆ. ಯಾವ ತುರ್ಕರಿಂದ ತಪ್ಪಿಸಿಕೊಂಡು ಬಂದರೋ ಅವರ ಹೆಸರೇ ಬೆನ್ನಿಗೆ ಅಂಟಿತು!

ಫುಟ್‌ಬಾಲ್ ಪ್ರಿಯರಿಗೆ: 1920ರಲ್ಲಿ ಅವರು ಕಟ್ಟಿದ ಕ್ಲಬ್ ಹೆಸರೇ 'ಪಾಲೆಸ್ಟಿನೊ'. 1955 ಮತ್ತು 1978ರಲ್ಲಿ ಚಿಲಿಯ ಚಾಂಪಿಯನ್. 2014ರಲ್ಲಿ ಜೆರ್ಸಿ ಬೆನ್ನಿನ ಮೇಲೆ '1' ಅನ್ನುವ ಅಂಕಿಯನ್ನು 1948ಕ್ಕೆ ಮೊದಲಿನ ಪ್ಯಾಲೆಸ್ಟೀನ್ ನಕ್ಷೆಯ ಆಕಾರದಲ್ಲಿ ಅಚ್ಚು ಹಾಕಿಸಿದರು. ಗಲಾಟೆಯಾಗಿ ದಂಡ ಬಿತ್ತು. ನಾನು ಲಾ ಸಿಸ್ಟೆರ್ನಾ ಮೈದಾನದಲ್ಲಿ ಒಂದು ಪಂದ್ಯ ನೋಡಿದೆ. ಪಕ್ಕದಲ್ಲಿ ಕೂತಿದ್ದ ಮುದುಕರಿಗೆ ಅರೇಬಿಕ್ ಒಂದಕ್ಷರ ಬರುವುದಿಲ್ಲ. ಬೈಗುಳ ಎಲ್ಲ ಅಪ್ಪಟ ಸ್ಪ್ಯಾನಿಶ್. ಕುತ್ತಿಗೆಗೆ ಮಾತ್ರ ಕಪ್ಪು ಬಿಳಿ ಚೌಕಳಿ ವಸ್ತ್ರ. ಊರು ಯಾವುದು ಅಂತ ಕೇಳಿದೆ. "ಬೇತ್ ಜಾಲಾ" ಅಂದರು, ಎದೆ ತಟ್ಟಿಕೊಂಡು.

ದೋಹಾ ದೋಸ್ತ್

ಇದು ನನಗೆ ಹೊಸದು! ಅವರೆಲ್ಲ ಬೇಕಾದರೆ ವಾಪಸ್ ಹೋಗಬಹುದಿತ್ತಾ?

ಜಾವಾ ಜಾಣ

ಅದೇ ದುಃಖದ ವಿಷಯ. ಮೊದಲ ಮಹಾಯುದ್ಧ ಮುಗಿದು ಬ್ರಿಟಿಷರು ಬಂದ ಮೇಲೆ 1925ರಲ್ಲಿ ಪ್ಯಾಲೆಸ್ಟೀನ್ ಪೌರತ್ವದ ಆದೇಶ ಹೊರಡಿಸಿದರು. ಹೊರದೇಶದಲ್ಲಿದ್ದವರಿಗೆ ಕಡಿಮೆ ಗಡುವು, ಬಿಗಿ ನಿಯಮ. ಲ್ಯಾಟಿನ್ ಅಮೆರಿಕದಲ್ಲಿದ್ದ ಸಾವಿರಾರು ಜನರ ಅರ್ಜಿ ತಿರಸ್ಕಾರವಾಯಿತು. ದೇಶ ಇದ್ದಾಗಲೇ ದೇಶ ಕಳೆದುಕೊಂಡರು.

ಅಂದಹಾಗೆ 2004ರಲ್ಲಿ ಎಲ್ ಸಾಲ್ವಡಾರ್ ಅಧ್ಯಕ್ಷ ಚುನಾವಣೆಯ ಇಬ್ಬರು ಮುಖ್ಯ ಎದುರಾಳಿಗಳೂ ಬೆಥ್ಲೆಹೆಮ್ ಮೂಲದವರು. ಬಲಪಂಥದ ಸಾಕಾ ಗೆದ್ದರು, ಎಡಪಂಥದ ಹಂದಾಲ್ ಸೋತರು. ಈಗಿನ ಬುಕೆಲೆ ಕೂಡ ಪ್ಯಾಲೆಸ್ಟೀನ್ ಮೂಲದವರೇ. ಅವರು ಇಸ್ರೇಲ್ ಪರ ಮಾತಾಡುತ್ತಾರೆ, ಅದು ಬೇರೆ ಮಾತು. ದೇಶಾಂತರ ಹೋದವರೆಲ್ಲ ಒಂದೇ ರೀತಿ ಯೋಚಿಸುತ್ತಾರೆ ಅಂತ ಅಂದುಕೊಳ್ಳಬೇಡಿ.

ಕಸೂತಿ ಕಾಕು

ನಾನು ಧಾರವಾಡದಾಕಿ. ರಾಜಕೀಯ ನನಗೆ ಅಷ್ಟಾಗಿ ತಿಳಿಯದು, ಹೊಲಿಗೆ ತಿಳೀತದ. ಮಗಳ ಮನೆಗೆ ಶಾರ್ಜಾಕ್ಕೆ ಹೋದಾಗ ಅವರ 'ತತ್ರೀಜ್' ಕಸೂತಿಯ ಪ್ರದರ್ಶನ ನೋಡಿದೆ. ಒಂದು ತಾಸು ಒಂದೇ ಅಂಗಿಯ ಮುಂದೆ ನಿಂತಿದ್ದೆ.

ನಮ್ಮ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಅವರದು ಬಹುತೇಕ ನಮ್ಮ ಮೆಂತಿಯೇ, ಅಡ್ಡ ಎರಡು ಗೆರೆ ದಾಟಿಸುವುದು. ಕಪ್ಪು ಬಟ್ಟೆ ಮೇಲೆ ಕಡುಗೆಂಪು ರೇಷ್ಮೆ ದಾರ, ಎದೆಯ ಭಾಗದಲ್ಲಿ ಬೆರಳು ಇಡಲು ಜಾಗವಿಲ್ಲದಷ್ಟು ಒತ್ತು. ನಾವು ಗೋಪುರ, ತುಳಸಿಕಟ್ಟೆ, ತೇರು ಹಾಕುತ್ತೇವೆ. ಅವರು ಸುರುಗಿಡ, ಚಂದ್ರ, ತಾಯಿತ ಹಾಕುತ್ತಾರೆ. 'ಪಾಷಾನ ಡೇರೆ' ಅಂತ ಒಂದು ಚಿತ್ತಾರವೂ ಇದೆ. ಮೊದಲೆಲ್ಲ ಅಂಗಿ ನೋಡಿದರೆ ಯಾವ ಊರಿನ ಹೆಣ್ಣುಮಗಳು ಅಂತ ಹೇಳಬಹುದಿತ್ತಂತೆ. 1948ರ ಮೇಲೆ ಎಲ್ಲ ಊರಿನವರೂ ಒಂದೇ ಶಿಬಿರದಲ್ಲಿ ಬಂದು ಕೂತರು. ಚಿತ್ತಾರಗಳೂ ಬೆರೆತವು. ಹೀಬ್ರೋನ್ ಅಂಗಿಯ ತೋಳಿಗೆ ಯಾಫಾದ ಹೂವು ಬಂತು. ರೇಷ್ಮೆ ಸಿಗದೆ ಹತ್ತಿ ದಾರ ಬಂತು.

1987ರಲ್ಲಿ ಅಲ್ಲಿನ ಜನ ಇಸ್ರೇಲ್ ವಿರುದ್ಧ ದಂಗೆ ಎದ್ದರಂತೆ, ಅದರ ನಂತರದ ಅಂಗಿಗಳೂ ಇದ್ದವು. ಆ ಕಾಲದಲ್ಲಿ ತಮ್ಮ ಬಾವುಟ ಹಿಡಿದರೆ ಇಸ್ರೇಲ್ ಸೈನಿಕರು ಕಿತ್ತುಕೊಳ್ಳುತ್ತಿದ್ದರಂತೆ. ಹೆಣ್ಣುಮಕ್ಕಳು ಅದನ್ನು ಎದೆ ಮೇಲೆ ಹೊಲಿದುಕೊಂಡರು. ಮೈಮೇಲಿನ ಅಂಗಿ ಹೇಗೆ ಕಿತ್ತುಕೊಳ್ಳುತ್ತಾರೆ? 2021ರಲ್ಲಿ ಯುನೆಸ್ಕೋ ತತ್ರೀಜ್ ಅನ್ನು ಪಟ್ಟಿಗೆ ಸೇರಿಸಿತು ಅಂತ ಅಲ್ಲಿ ಬರೆದಿತ್ತು.

ಅಂಗಿಯ ಒಳಮೈ ನೋಡಬೇಕು ಅಂತ ಕೇಳಿದೆ. ಅಲ್ಲಿದ್ದ ಹುಡುಗಿ ನಕ್ಕು ತಿರುವಿ ತೋರಿಸಿದಳು. ಹಿಂದೆ ಒಂದೂ ಗಂಟು ಇಲ್ಲ. ಕೈ ಮುಗಿದೆ.

ಬೀಗ ಬಿಚ್ಚಪ್ಪ

ಎಲ್ಲ ಸರಿ, ಪ್ಯಾಲೆಸ್ಟೀನಿಯರು 1948ರಲ್ಲಿ ಬಿಟ್ಟುಬಂದ ಮನೆಯ ಕೀ ಹಿಡಿದು ಫೋಟೋ ತೆಗೆಸಿಕೊಳ್ಳುವುದು ಮಾತ್ರ ಸ್ವಲ್ಪ ಸಿನಿಮೀಯ ಅನ್ನಿಸುತ್ತೆ. ಮನೆಯೇ ಇಲ್ಲದ ಮೇಲೆ ಕೀ ಯಾಕೆ?

ಅಮ್ಮಾನ್ ಮಾವ

ಮೆರವಣಿಗೆಯ ಆಳೆತ್ತರದ ತಗಡಿನ ಕೀ ನೋಡಿದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಮನೆಗಳಲ್ಲಿ ಇರುವುದು ಬೇರೆ. ನನ್ನ ಮನೆ ಮಾಲೀಕರ ತಾಯಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದರು. ಅದರಲ್ಲಿ ಕೀ ಇತ್ತು, ತುಕ್ಕು ಹಿಡಿದದ್ದು. ಅದರ ಕೆಳಗೆ ತುರ್ಕರ ಕಾಲದ ಜಮೀನಿನ ಪತ್ರ, ಬ್ರಿಟಿಷರ ಕಾಲದ ಕಂದಾಯದ ರಸೀದಿ, ರೇಷನ್ ಕಾರ್ಡು. ನಮ್ಮಲ್ಲಿ ಪಹಣಿ, ಹಕ್ಕುಪತ್ರ ಟ್ರಂಕಿನಲ್ಲಿ ಇಡುವುದಿಲ್ಲವಾ? ಹಾಗೆ. ಎರಡು ವಾರದಲ್ಲಿ ವಾಪಸ್ ಬರುತ್ತೇವೆ ಅಂತ ಬೀಗ ಹಾಕಿ ಬಂದವರು. 1950ರಲ್ಲಿ ಇಸ್ರೇಲ್ ಕಾನೂನು ಮಾಡಿ ಅವರ ಆಸ್ತಿಯನ್ನು 'ಗೈರುಹಾಜರಿದ್ದವರ ಆಸ್ತಿ' ಅಂತ ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಸುತ್ತಿಬಳಸಿ ಇಸ್ರೇಲ್ ಒಳಗೇ ಪಕ್ಕದ ಊರಿನಲ್ಲಿ ಉಳಿದವರೂ ಲೆಕ್ಕದಲ್ಲಿ ಗೈರುಹಾಜರೇ. ಹಾಜರಿದ್ದೂ ಗೈರು!

ಬರ್ಲಿನ್ ಬೆಣ್ಣೆದೋಸೆ

ಚಿಕ್ಕದಾಗಿ ಬರೆಯುತ್ತೇನೆ. ಬರ್ಲಿನ್‌ನ ಸೊನ್ನೆನಾಲೆ ರಸ್ತೆ ಹತ್ತಿರ ಇದ್ದೇನೆ. ಲೆಬನಾನ್ ಅಂತರ್ಯುದ್ಧದ ಕಾಲದಲ್ಲಿ ಬಂದ ಪ್ಯಾಲೆಸ್ಟೀನಿಯರು ಇಲ್ಲಿ ತುಂಬಾ. ಜರ್ಮನ್ ಕಾಗದದಲ್ಲಿ ಅವರ ದೇಶದ ಜಾಗದಲ್ಲಿ 'ಸ್ಪಷ್ಟವಾಗಿಲ್ಲ' ಅಂತ ಬರೆದಿರುತ್ತಾರೆ. ನನ್ನ ಕ್ಷೌರದವನದು ಹಾಗೇ ಇತ್ತು. ಅವನು ಹೇಳಿದ ಒಂದು ವಿಷಯ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಆ ಯುದ್ಧದಲ್ಲಿ ಬೈರೂತ್‌ನ ನಾಕಾಬಂದಿಯಲ್ಲಿ ಟೊಮ್ಯಾಟೊ ತೋರಿಸಿ ಇದೇನು ಅಂತ ಕೇಳುತ್ತಿದ್ದರಂತೆ. 'ಬನಡೂರಾ' ಅಂದರೆ ಲೆಬನಾನ್‌ನವನು, ಬಿಡು. 'ಬಂಡೋರಾ' ಅಂದರೆ ಪ್ಯಾಲೆಸ್ಟೀನಿ, ಇಳಿಸು. ಅವರಮ್ಮ ಮಕ್ಕಳಿಗೆ ಮನೆಯಲ್ಲಿ ಟೊಮ್ಯಾಟೊ ಅನ್ನುವುದನ್ನು ಅಭ್ಯಾಸ ಮಾಡಿಸುತ್ತಿದ್ದರಂತೆ.

ಮುಳುಗಡೆ ಮನೆ

ಅಯ್ಯೋ.

ಒಂಟಿಕೊಪ್ಪಲು

ಓದಿದೆ ಎಲ್ಲ. ನಮ್ಮ ಮನೆಯ ಕಥೆ ಹೇಳದಿದ್ದರೆ ಅಜ್ಜಿ ಕನಸಿನಲ್ಲಿ ಬಂದು ಬೈಯುತ್ತಾರೆ.

1992ರಲ್ಲಿ ಮೈಸೂರಿನಲ್ಲಿ ನಮ್ಮ ಮಹಡಿ ಮೇಲಿನ ರೂಮಿಗೆ ಒಬ್ಬ ಹುಡುಗ ಬಾಡಿಗೆಗೆ ಬಂದ. ಬಿ.ಫಾರ್ಮ ಓದಲು ಬಂದವನು, ಗಾಜಾದ ಖಾನ್ ಯೂನಿಸ್ ಶಿಬಿರದವನು. ಆಗ ಮೈಸೂರು, ಬೆಂಗಳೂರು, ಪುಣೆಗಳಲ್ಲಿ ಆ ಕಡೆಯ ಹುಡುಗರು ಓದುವುದು ಹೊಸದೇನಲ್ಲ. ಭಾರತ 1974ರಲ್ಲೇ ಅವರ ವಿಮೋಚನಾ ಸಂಘಟನೆಯನ್ನು ಒಪ್ಪಿಕೊಂಡಿತ್ತು, 1988ರಲ್ಲಿ ದೇಶವನ್ನೂ. ಅವನ ಹತ್ತಿರ ದೋಸ್ತ್ ಅವರು ಹೇಳಿದ ಅದೇ ಈಜಿಪ್ಟ್ ಪತ್ರ. ಪೊಲೀಸ್ ಕಚೇರಿಯಲ್ಲಿ ಹೆಸರು ಬರೆಸಲು ಹೋದಾಗ ಗುಮಾಸ್ತರು ದೇಶ ಅನ್ನುವಲ್ಲಿ 'ಈಜಿಪ್ಟ್' ಅಂತ ಬರೆದುಬಿಟ್ಟರು. ಅದನ್ನು ತಿದ್ದಿಸಲು ನಮ್ಮಪ್ಪ ಮೂರು ಸಲ ಹೋದರು. ಅವನು ಬಿಡಲಿಲ್ಲ. "ತಪ್ಪು ಅಂಗಡಿಯ ಹೆಸರಿನ ಚೀಲ ಅಂಕಲ್, ಒಳಗಿರುವುದು ಬೇರೆ" ಅಂದ.

ಅಜ್ಜಿ ಮೊದಲು ಮೂಗು ಮುರಿದರು. ಅವನು ಮಾಂಸ ಬೇಯಿಸಿದರೆ ವಾಸನೆ ಬರುತ್ತದೆ ಅಂತ ಕರಾರು ಹಾಕಿದರು. ಹುಡುಗ ಜಾಣ. ಒಂದು ಭಾನುವಾರ ನಮ್ಮ ಅಡುಗೆಮನೆಯಲ್ಲೇ 'ಮಕ್ಲೂಬೆ' ಮಾಡಿದ. ಮಾಂಸ ಇಲ್ಲದೆ, ಬರೀ ಬದನೆಕಾಯಿ, ಹೂಕೋಸು, ಆಲೂಗಡ್ಡೆ. ತರಕಾರಿ ಕರಿದು ಪಾತ್ರೆಯ ತಳದಲ್ಲಿ ಜೋಡಿಸಿ, ಮೇಲೆ ಅಕ್ಕಿ ಹಾಕಿ ಬೇಯಿಸಿ, ಆಮೇಲೆ ಇಡೀ ಪಾತ್ರೆಯನ್ನು ತಟ್ಟೆಗೆ ಬೋರಲು ಹಾಕುವುದು. ತಳದಲ್ಲಿದ್ದ ಬದನೆಕಾಯಿ ಮೇಲೆ ಬರುತ್ತದೆ. ಅಜ್ಜಿ ತುಪ್ಪ ಹಾಕಿಕೊಂಡು ತಿಂದರು. 'ಉಲ್ಟಾ ಅನ್ನ' ಅಂತ ಹೆಸರಿಟ್ಟರು. ನಮ್ಮ ಮನೆಯಲ್ಲಿ ಇವತ್ತಿಗೂ ಅದೇ ಹೆಸರು. ಅಜ್ಜಿಗೆ ತಾಳ್ಮೆ ಕಮ್ಮಿ, ಇಳಿಸಿದ ಕೂಡಲೇ ಮಗುಚುತ್ತಿದ್ದರು. ಪ್ರತಿ ಸಲ ಕುಸಿದು ಗುಡ್ಡೆಯಾಗುತ್ತಿತ್ತು.

1993ರಲ್ಲಿ ಓಸ್ಲೋ ಒಪ್ಪಂದ ಆದ ದಿನ ಅವನು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ. ಓದು ಮುಗಿಸಿ ಹೋದ. ಖಾನ್ ಯೂನಿಸ್‌ನಲ್ಲಿ ಔಷಧಿ ಅಂಗಡಿ ಇಟ್ಟ, ಮನೆ ಕಟ್ಟಿದ. ಹಬ್ಬಕ್ಕೊಮ್ಮೆ ಫೋನು. "ಏನಜ್ಜಿ, ಊಟ ಆಯ್ತಾ?" ಅನ್ನು ಮೈಸೂರಿನವರ ಹಾಗೇ ಎಳೆದು ಹೇಳುತ್ತಿದ್ದ.

2023ರ ಡಿಸೆಂಬರ್‌ನಲ್ಲಿ ಖಾನ್ ಯೂನಿಸ್ ಮೇಲೆ ದಾಳಿ ಆಯಿತು. ನಾನು ಕಳಿಸಿದ ಮೆಸೇಜಿಗೆ ಐದು ವಾರ ಒಂದೇ ಟಿಕ್. ಫೆಬ್ರವರಿಯಲ್ಲಿ ಉತ್ತರ ಬಂತು, ಕೈರೋದಿಂದ. ರಫಾ ಗಡಿ ದಾಟಲು ತಲೆಗೆ ಸುಮಾರು 5,000 ಡಾಲರ್ ಕೊಟ್ಟಿದ್ದಾನೆ. ಅಂಗಡಿ ಇಲ್ಲ, ಮನೆ ಇಲ್ಲ. ಈಜಿಪ್ಟ್‌ನಲ್ಲಿ ಹಾಗೆ ಬಂದವರು ಲಕ್ಷದ ಹತ್ತಿರ ಇದ್ದಾರಂತೆ. ಅಲ್ಲಿ ಉನ್ರ್ವಾ ಕೆಲಸ ಮಾಡುವುದಿಲ್ಲ. ಇರಲು ಪರವಾನಗಿ ಇಲ್ಲ, ಹಾಗಾಗಿ ಸರ್ಕಾರಿ ಶಾಲೆ ಇಲ್ಲ, ಕೆಲಸವೂ ಇಲ್ಲ. ಚಿಕ್ಕ ಮಗ ಮೊಬೈಲಿನಲ್ಲಿ ವೆಸ್ಟ್ ಬ್ಯಾಂಕ್‌ನ ರಮಲ್ಲಾದಿಂದ ಬರುವ ಪ್ಯಾಲೆಸ್ಟೀನ್ ಪಠ್ಯ ಓದುತ್ತಿದ್ದಾನೆ. ಅವನಜ್ಜನಿಗೆ ಆದದ್ದೇ ಇವನಿಗೂ ಆಯಿತು, ಡೇರೆಯ ಬದಲು ಫ್ಲಾಟು ಅಷ್ಟೇ.

ದೋಹಾ ದೋಸ್ತ್

ಒಂಟಿಕೊಪ್ಪಲು ಅವರೇ, ಏನು ಬರೆಯಬೇಕೋ ತಿಳಿಯುತ್ತಿಲ್ಲ. ನನ್ನ ಸ್ನೇಹಿತರ ವಿಷಯ ಹಲವರು ಖಾಸಗಿಯಾಗಿ ಕೇಳಿದ್ದಾರೆ. ಅವರಿಗೆ ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಹೋಗಲು ಜಾಗವಿಲ್ಲ. ಅದೇ ಭಯದಲ್ಲಿ ಕೆನಡಾಕ್ಕೆ ಅರ್ಜಿ ಹಾಕಿ ಐದು ವರ್ಷದ ಹಿಂದೆ ಹೋದರು. 57ನೇ ವಯಸ್ಸಿಗೆ, ಜೀವನದಲ್ಲಿ ಮೊದಲ ಸಲ, ಪಾಸ್‌ಪೋರ್ಟ್ ಸಿಕ್ಕಿತು. ಫೋಟೋ ಕಳಿಸಿದ್ದರು. ಮೊದಲ ಪ್ರಯಾಣ ಎಲ್ಲಿಗೆ ಅಂದೆ. ಇಸ್ತಾಂಬುಲ್ ಅಂದರು. "ನೀವು ಹದಿಮೂರು ಜನ ಏನು ನೋಡಿ ಬಂದಿರಿ ಅಂತ ನೋಡಬೇಕು."

ನಿಮ್ಮ ಉಲ್ಟಾ ಅನ್ನ ಮಾಡಿ ನೋಡಿದೆವು. ನಮ್ಮದೂ ಕುಸಿದು ಗುಡ್ಡೆಯಾಯಿತು. ಆ ಕೈರೋದವರನ್ನು ಒಂದು ಮಾತು ಕೇಳಿ ಹೇಳುತ್ತೀರಾ?

ಒಂಟಿಕೊಪ್ಪಲು

ಕೇಳಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು, ವಾಯ್ಸ್ ಮೆಸೇಜು, ಹಿಂದೆ ಟ್ರಾಫಿಕ್ ಸದ್ದು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಒಲೆಯಿಂದ ಇಳಿಸಿ ಕಾಲು ಗಂಟೆ ಮುಚ್ಚಳ ತೆಗೆಯದೆ ಬಿಡಬೇಕಂತೆ. ಬೋರಲು ಹಾಕಿದ ಮೇಲೆ ಪಾತ್ರೆಯ ತಳಕ್ಕೆ ಚಮಚದಿಂದ ನಾಲ್ಕು ಸಲ ಬಡಿದು, ಇನ್ನೂ ಐದು ನಿಮಿಷ ಕಾಯಬೇಕಂತೆ. "ಅಜ್ಜಿ ಥರ ಅವಸರ ಮಾಡಬೇಡಿ ಅಂತ ಹೇಳು. ಮತ್ತೆ ಬದನೆಕಾಯಿಗೆ ಮೊದಲೇ ಉಪ್ಪು ಹಚ್ಚಿ ಇಡಬೇಕು, ನೀರು ಬಿಡಬೇಕು ಅದು."